ತುಪ್ಪದ ಕೊಳಕ್ಕೆ ಭಾವನ ದಂಡಯಾತ್ರೆ

ಬೆಂಗಳೂರಿನಿಂದ ಭಾವ ಬಂದರೆ ಚಿತ್ರದುರ್ಗದ ಕೋಟೆ ತೋರಿಸೋದು ನಮ್ಮ ಜವನಗೊಂಡನಹಳ್ಳಿಯಲ್ಲಿ ಅಳಿಯನ ಉಪಚಾರಕ್ಕೇ ಸೇರಿದ್ದು. ಹಿರಿಯೂರು ದಾಟಿದರೂ ಅವರ ಮಾತಿಗೆ ಬ್ರೇಕಿಲ್ಲ. ಏಳು ಸುತ್ತಿನ ಕೋಟೆಯ ಗೋಡೆ ತಟ್ಟಿ, "ಗಾರೆಯಿಲ್ಲದೆ ನಿಂತಿದೆಯಲ್ಲೋ! ನಮ್ಮ ಅಪಾರ್ಟ್‌ಮೆಂಟ್ ಸಿಮೆಂಟ್ ಹಾಕಿದ್ರೂ ಸೋರುತ್ತೆ" ಅಂದರು.

ಕೋಟೆಯೊಳಗೆ ಬಂಡೆಯ ನೆತ್ತಿಯಲ್ಲಿರುವ ತುಪ್ಪದ ಕೊಳದ ಬುಡದಲ್ಲಿ ಮಾತು ನಿಂತಿತು. ಅಲ್ಲಿ ಮೆಟ್ಟಿಲೆಂದರೆ ಬಂಡೆಯಲ್ಲಿ ಕೊರೆದ ಗುಳಿ. ಮುಂಗಾಲು ಹಿಡಿಸಿದರೆ ಪುಣ್ಯ. ಹಿಂದೆ ಆ ಕೊಳಕ್ಕೆ ತುಪ್ಪ ಹೊತ್ತವರು ಹೇಗೆ ಹತ್ತಿದರೋ! 1779ರಲ್ಲಿ ದುರ್ಗ ಗೆದ್ದ ಹೈದರಾಲಿಯ ಹಟ ಭಾವನಿಗೆಲ್ಲಿ? ನೆರಳು ಹುಡುಕಿ ಕೂತೇಬಿಟ್ಟರು.

ಮೇಲೆ ಹೋದರೆ ಕಾಲಡಿ ಇಡೀ ಊರು, ದೂರದ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು. "ಒಂದು ಫೋಟೋ ಕಳಿಸಪ್ಪ, ನಾನೇ ಹತ್ತಿದೆ ಅಂತ ಸ್ಟೇಟಸ್ ಹಾಕ್ತೀನಿ!" ಕೆಳಗಿನಿಂದ ಕೂಗು. ಕಳಿಸಿದೆ. ಹಾಕಿದ್ದೇ ತಡ, ಅಕ್ಕನ ಉತ್ತರ ಬಂತು: "ಮಂಡಿನೋವು ಯಾವಾಗ ವಾಸಿಯಾಯ್ತು?"