ಕವರ್ ರಾಯರು

ಕುವೆಂಪುನಗರದ ನಮ್ಮ ಬೀದಿಯಲ್ಲಿ ರಾಯರ ಮನೆ ಯಾವುದು ಎಂದು ಕೇಳಿದರೆ ಹೂವಿನವಳಿಂದ ಹಿಡಿದು ಗ್ಯಾಸ್ ತರುವ ಹುಡುಗನವರೆಗೆ ಎಲ್ಲರೂ "ಕವರ್ ಹಾಕಿರೋ ಕಾರಿನ ಮನೆ" ಎನ್ನುತ್ತಾರೆ. ಆ ಕಾರಿನ ಬಣ್ಣ ಯಾವುದು ಎಂದು ಕೇಳಿ ನೋಡಿ, ಒಬ್ಬರಿಗೂ ಗೊತ್ತಿಲ್ಲ. ಮಾರುತಿ 800 ಎಂಬುದು ಆಕಾರದಿಂದ ತಿಳಿಯುತ್ತದೆ, ಅಷ್ಟೆ. ಬಣ್ಣ ತಿಳಿಯಬೇಕಾದರೆ ಆಯುಧಪೂಜೆಯವರೆಗೆ ಕಾಯಬೇಕು. ಅಂದು ರಾಯರು ಕವರ್ ಕಳಚಿ, ಬಾನೆಟ್ಟಿನ ಮೇಲೆ ಕಾಗದ ಅಂಟಿಸಿ, ಆ ಕಾಗದಕ್ಕೆ ಕುಂಕುಮ ಇಡುತ್ತಾರೆ. ಗಾಲಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ, ಇಳಿಸಿ, ಗಾಲಿಗೆ ತಾಗಿದ ರಸ ಒರೆಸಿ, ಕತ್ತಲಾಗುವುದರೊಳಗೆ ಮತ್ತೆ ಮುಚ್ಚಿಬಿಡುತ್ತಾರೆ.

ಮನೆಯೊಳಗೂ ಇದೇ ಆಡಳಿತ. ಟಿವಿ ರಿಮೋಟು ಪ್ಲಾಸ್ಟಿಕ್ ಚೀಲದೊಳಗಿದ್ದು, ಒತ್ತಬೇಕಾದ ಅಂಕಿ ಯಾವುದೆಂದು ಕಾಣದೆ ಅವರ ಮನೆಯಲ್ಲಿ ಎಲ್ಲರೂ ಬೆರಳಂದಾಜಿನಲ್ಲೇ ಚಾನಲ್ ಬದಲಿಸುತ್ತಾರೆ. ಮಿಕ್ಸಿಗೆ ಕಸೂತಿಯ ಕವರು, ಸಿಲಿಂಡರಿಗೆ ನೆರಿಗೆಯ ಲಂಗ, ಸೋಫಾಗೆ ಅಂಗಡಿಯವನೇ ಸುತ್ತಿದ್ದ ಪ್ಲಾಸ್ಟಿಕ್ಕು. ಬೇಸಿಗೆಯಲ್ಲಿ ಅದರ ಮೇಲೆ ಕೂತು ಎದ್ದ ನೆಂಟರು ಸದ್ದು ಮಾಡುತ್ತಲೇ ಏಳುತ್ತಾರೆ. ರಾಯರ ಕೊಡೆಗೂ ಕವರುಂಟು. ಮಳೆ ಬಂದಾಗ ಕೊಡೆಯನ್ನು ಅದರೊಳಗಿಂದ ಹೊರತೆಗೆಯಲು ಅವರಿಗೆ ಮನಸ್ಸು ಬರುವಷ್ಟರಲ್ಲಿ ಮಳೆ ನಿಂತಿರುತ್ತದೆ. "ನನ್ನೊಬ್ಬಳಿಗೇ ಇನ್ನೂ ಅಳತೆ ತಗೊಂಡಿಲ್ಲ" ಎನ್ನುತ್ತಾರೆ ಅವರ ಮನೆಯಾಕೆ.

ಆ ತಾಯಿ ನಂಜನಗೂಡಿಗೆ ಹೋಗಬೇಕೆಂದರೆ ಬಸ್ಸೇ ಗತಿ. ಕಾರಿದೆಯಲ್ಲಾ ಎಂದರೆ ರಾಯರ ಉತ್ತರ ಸಿದ್ಧ: "ಕವರ್ ತೆಗೀಬೇಕು, ದೂಳು ಒಳಗಡೆ ಹೋಗದ ಹಾಗೆ ಮಡಚಬೇಕು, ಬಂದಮೇಲೆ ಇಂಜಿನ್ ತಣ್ಣಗಾಗೋತನಕ ಕಾಯಬೇಕು, ಆಮೇಲೆ ಹಾಕಬೇಕು. ಅಷ್ಟರಲ್ಲಿ ಬಸ್ಸಲ್ಲಿ ನಂಜುಂಡೇಶ್ವರನ್ನ ನೋಡ್ಕೊಂಡು ಬಂದು ಊಟ ಮುಗಿಸಿರ್ತೀವಿ." ಕಾರು ನಿಂತಲ್ಲೇ ನಿಂತದ್ದರಿಂದ ಒಮ್ಮೆ ಅದರಡಿ ಬೆಕ್ಕು ಮರಿ ಹಾಕಿತು, ಇನ್ನೊಮ್ಮೆ ಇಲಿ ವೈರು ಕಡಿಯಿತು. ಬ್ಯಾಟರಿ ಸಾಯುವುದಂತೂ ವಾಡಿಕೆ. ಮೆಕ್ಯಾನಿಕ್ ಹುಡುಗ "ಸಾರ್, ವಾರಕ್ಕೊಂದ್ಸಲ ಓಡ್ಸಿ, ಎಲ್ಲಾ ಸರಿಹೋಗುತ್ತೆ" ಎಂದ. ರಾಯರು ಮೆಕ್ಯಾನಿಕ್ಕನ್ನು ಬದಲಿಸಿದರು.

ಇವರು ಜಿಪುಣರೆಂದು ನೀವು ತಿಳಿಯಬಾರದು. ಮುಚ್ಚುವುದಕ್ಕಾಗಿ ಅವರು ಖರ್ಚು ಮಾಡಿದ ಹಣದಲ್ಲಿ ಮುಚ್ಚಿದ್ದನ್ನೆಲ್ಲ ಹೊಸದಾಗಿ ಕೊಳ್ಳಬಹುದಿತ್ತು.

ಇಂಥ ರಾಯರು ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೊರಟರು. ಅಕ್ಟೋಬರಿನಲ್ಲಿ ಹೋಗುವುದು, ಆರು ತಿಂಗಳ ವಿಸಿಟರ್ ವೀಸಾ ಮುಗಿಯುವ ಹೊತ್ತಿಗೆ ಮರಳುವುದು. ಸೂಟ್‌ಕೇಸಿಗೆ ಬಟ್ಟೆಯ ಕವರು, ಅದರ ಮೇಲೆ ವಿಮಾನನಿಲ್ದಾಣದ ಪ್ಲಾಸ್ಟಿಕ್ ಸುತ್ತು, ಅದರ ಮೇಲೆ ಕೆಂಪು ದಾರ. ಕಾರಿನ ಕವರಿಗೆ ಇನ್ನೊಂದು ಕವರ್ ಹಾಕಿ, ಬೀಗದ ಕೈಯನ್ನು ನನ್ನ ಕೈಗಿತ್ತರು. ಕಾರಿನದಲ್ಲ, ಕವರಿಗೆ ಹಾಕಿದ ಬೀಗದ್ದು.

ಲೆಸ್ಟರ್ ಊರಿನ ಹೊರವಲಯದಲ್ಲಿ ಮಗಳ ಮನೆ. ಟ್ಯಾಕ್ಸಿಯಿಂದ ಇಳಿದ ರಾಯರಿಗೆ ಅಂಗಳದಲ್ಲಿ ಮೊದಲು ಕಂಡದ್ದು ಗಾಲಿಯ ಮೇಲೆ ನಿಂತ ಒಂದು ಬಿಳಿ ಕೋಣೆ. ಕಿಟಕಿ, ಪರದೆ, ಬಾಗಿಲು ಎಲ್ಲ ಇದೆ. "ನಮ್ಮನ್ನ ಹೊರಗಡೆ ಮಲಗಿಸ್ತಾರೇನೇ?" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದರಂತೆ. ಅಳಿಯ ನಕ್ಕು ವಿವರಿಸಿದ. ಅದು ಕ್ಯಾರವಾನ್. ಇಂಜಿನ್ ಇಲ್ಲ, ಕಾರಿನ ಹಿಂದೆ ಕಟ್ಟಿ ಎಳೆಯಬೇಕು. ಒಳಗೆ ಮಂಚ, ಒಲೆ, ಫ್ರಿಜ್ಜು, ಪಾಯಿಖಾನೆ. 1997ರಿಂದೀಚೆಗೆ ಅಲ್ಲಿ ಕಾರಿನ ಲೈಸೆನ್ಸ್ ಪಡೆದವರು ದೊಡ್ಡ ಕ್ಯಾರವಾನ್ ಎಳೆಯಲು ಇನ್ನೊಂದು ಪರೀಕ್ಷೆ ಕಟ್ಟಬೇಕಿತ್ತು. 2021ರ ಡಿಸೆಂಬರಿನಲ್ಲಿ ಆ ನಿಯಮ ಹೋಯಿತು, ಅಳಿಯ ಸೆಕೆಂಡ್ ಹ್ಯಾಂಡ್ ಒಂದನ್ನು ತಂದು ನಿಲ್ಲಿಸಿದ. ಬ್ರಿಟಿಷರ ಈ ಹುಚ್ಚು ಹಳೆಯದು. 1885ರಲ್ಲೇ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾದಳದ ವೈದ್ಯ ‘ವಾಂಡರರ್’ ಎಂಬ ಕುದುರೆ ಎಳೆಯುವ ಬಂಡಿ ಮಾಡಿಸಿಕೊಂಡು ವಿಹಾರಕ್ಕೆಂದೇ ಊರೂರು ತಿರುಗಿದ. ಅವರ ಕ್ಯಾರವಾನ್ ಕ್ಲಬ್ಬು ಹುಟ್ಟಿದ್ದು 1907ರಲ್ಲಿ. ಈ ಚರಿತ್ರೆಯಲ್ಲಿ ರಾಯರಿಗೆ ಆಸಕ್ತಿಯಿರಲಿಲ್ಲ. ಅವರು ಬಂಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದರು: "ಅಳಿಯಂದಿರೇ, ಇದಕ್ಕೆ ಕವರ್ ಎಲ್ಲಿ?"

ಅಳಿಯನೂ ಅದೇ ಯೋಚನೆಯಲ್ಲಿದ್ದ. ಅಲ್ಲಿನವರು ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಕ್ಯಾರವಾನ್ ನಿಲ್ಲಿಸಿದರೆ ಮತ್ತೆ ಎಳೆಯುವುದು ಮಾರ್ಚಿಗೆ. ಆ ಚಳಿಗಾಲದ ಮಳೆ, ಹಿಮ, ಎಲೆ, ಹಕ್ಕಿಯ ಹಿಕ್ಕೆಗೆಲ್ಲ ಮೈಯೊಡ್ಡಿ ನಿಲ್ಲಬೇಕೋ, ಮುಚ್ಚಬೇಕೋ ಎಂಬುದರಲ್ಲಿ ದೇಶವೇ ಎರಡು ಪಂಗಡ. ಎಡಮನೆಯ ನಿವೃತ್ತ ಇಂಗ್ಲಿಷ್ ಮುದುಕ ಹಾಕುವ ಪಂಗಡದವನು. ಎದುರುಮನೆಯವನು ಹಾಕದವನು. "ಮಳೆಯಲ್ಲಿ ಓಡಲೆಂದೇ ಮಾಡಿದ ಬಂಡಿ. ಸುಮ್ಮನೆ ನಿಂತಾಗ ಅದಕ್ಕೇಕೆ ಕೊಡೆ?" ಎಂಬುದು ಅವನ ವಾದ. ರಾಯರು ಅಂದಿನಿಂದ ಅವನನ್ನು ‘ನಾಸ್ತಿಕ’ ಎಂದೇ ಕರೆದರು.

ಎಡಮನೆಯವನೊಡನೆ ಮಾತ್ರ ಬೇಲಿಯ ಎರಡು ಬದಿ ನಿಂತು ಗಂಟೆಗಟ್ಟಲೆ ಮಾತು. ಜೀವಮಾನದಲ್ಲಿ ಮೊದಲ ಸಲ ರಾಯರಿಗೆ ತಮ್ಮನ್ನು ಅರ್ಥಮಾಡಿಕೊಳ್ಳುವ ಮನುಷ್ಯ ಸಿಕ್ಕಿದ್ದ. ಅವನಿಂದ ಇವರು ಕಲಿತದ್ದೂ ಉಂಟು. ನೀರು ಸ್ವಲ್ಪವೂ ಹಾಯದ ಹಾಳೆ ಹೊದಿಸಿದರೆ ನೆಲದ ತೇವ ಆವಿಯಾಗಿ ಮೇಲೇರಿ, ರಾತ್ರಿಯ ಚಳಿಗೆ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ, ಹೊರಗಿನ ಮಳೆಯಿಂದ ತಪ್ಪಿಸಿಕೊಂಡ ವಸ್ತು ಒಳಗಿನ ಮಳೆಯಲ್ಲಿ ನೆನೆಯುತ್ತದೆ. ಆದ್ದರಿಂದ ಕವರು ಉಸಿರಾಡುವ ಬಟ್ಟೆಯದಾಗಿರಬೇಕು. ಊರಿನಲ್ಲಿದ್ದ ತಮ್ಮ ಕಾರಿನ ಬಣ್ಣ ಅಲ್ಲಲ್ಲಿ ಮಂಕಾಗಿ ಬೊಕ್ಕೆ ಎದ್ದದ್ದೇಕೆಂದು ರಾಯರಿಗೆ ಆಗ ಹೊಳೆದಿರಬೇಕು. ಅದನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಲಿಲ್ಲ. "ಬಟ್ಟೆಗೂ ಪ್ರಾಣಾಯಾಮ ಬರಬೇಕು ಕಣ್ರೀ" ಎಂದಷ್ಟೇ ನನಗೆ ಫೋನಿನಲ್ಲಿ ಹೇಳಿದರು.

ಆದರೆ ಅಳತೆಗೆ ಹೊಲಿದ ಅಂಥ ಕವರಿಗೆ ಕೆಲವು ನೂರು ಪೌಂಡು ಬೆಲೆ. ರಾಯರು ಮನಸ್ಸಿನಲ್ಲೇ ನೂರರಿಂದ ಗುಣಿಸಿ ಕುರ್ಚಿಯಲ್ಲಿ ಕೂತರು. ಅವರ ಕಾರನ್ನೇ ಯಾರಾದರೂ ಕೊಳ್ಳುವುದಾದರೆ ಅಷ್ಟು ಕೊಡುತ್ತಿರಲಿಲ್ಲ. ಒಂದು ನೀಲಿ ಟಾರ್ಪಾಲು, ನಾಲ್ಕು ಮಾರು ಹಗ್ಗ ಸಾಕೆಂದು ಅಳಿಯನಿಗೆ ಸೂಚಿಸಿ ನೋಡಿದರು. ಎಡಮನೆಯವನು ಹೌಹಾರಿದ. ಕ್ಯಾರವಾನಿನ ಕಿಟಕಿ ಗಾಜಿನದಲ್ಲ, ಅಕ್ರಿಲಿಕ್. ಹಗ್ಗ ಒಮ್ಮೆ ಉಜ್ಜಿದರೆ ಗೀರು ಹಾಗೇ ಉಳಿಯುತ್ತದೆ. ಟಾರ್ಪಾಲು ಗಾಳಿಗೆ ಬಡಿದರೆ ನಡುವೆ ಸಿಕ್ಕ ಮರಳಕಣ ಉಪ್ಪುಕಾಗದದ ಕೆಲಸ ಮಾಡುತ್ತದೆ. ಅಳಿಯ ಆ ರಾತ್ರಿಯೇ ದುಬಾರಿಯದನ್ನು ತರಿಸಿದ.

ಕವರ್ ಹಾಕುವ ಮುನ್ನ ಬಂಡಿಯನ್ನು ತೊಳೆಯಲೇಬೇಕು, ಇಲ್ಲದಿದ್ದರೆ ಕೊಳೆಯ ಸಮೇತ ಉಜ್ಜುತ್ತದೆ. ಆ ಕೆಲಸಕ್ಕೆ ರಾಯರು ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಮೆತ್ತನೆಯ ಬ್ರಷ್ಷು ಹಿಡಿದು ಮೂಲೆಮೂಲೆ ತಿಕ್ಕಿದರು. ಎಣ್ಣೆನೀರಿಗೆ ಕಾದು ಕೂತ ಮೊಮ್ಮಗುವಿಗಿಂತ ಮೊದಲು ಕ್ಯಾರವಾನಿಗೆ ಸ್ನಾನವಾಯಿತೆಂದು ಅವರ ಮನೆಯಾಕೆ ಇವತ್ತಿಗೂ ಎತ್ತಾಡುತ್ತಾರೆ.

ಒಳಗಿನ ಕಟ್ಟಳೆಗಳು ಮಾತ್ರ ರಾಯರ ಧರ್ಮಕ್ಕೆ ಪೂರಾ ವಿರುದ್ಧ. ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಂತೆ ನೀರೆಲ್ಲ ಬಸಿದು ನಲ್ಲಿಗಳನ್ನು ತೆರೆದಿಡಬೇಕು. ಫ್ರಿಜ್ಜಿನ ಬಾಗಿಲು ತೆರೆದಿಡಬೇಕು. ಹಾಸಿಗೆ ಗೋಡೆಗೆ ಅಂಟದಂತೆ ಒರಗಿಸಿ ನಿಲ್ಲಿಸಬೇಕು. ಬ್ರೇಕು ಹಿಡಿದುಕೊಂಡು ಜಾಮ್ ಆಗದಿರಲೆಂದು ಹ್ಯಾಂಡ್‌ಬ್ರೇಕ್ ಸಡಿಲಿಸಿ ಗಾಲಿಗೆ ಅಡೆಗಟ್ಟೆ ಕೊಡಬೇಕು. ಗೋಡೆಯಲ್ಲಿ ನೆಲದಲ್ಲಿ ಇರುವ ಗಾಳಿಕಿಂಡಿಗಳನ್ನಂತೂ ಮುಚ್ಚಲೇಕೂಡದು, ಗ್ಯಾಸ್ ಒಲೆಯಿರುವ ಬಂಡಿಗೆ ಅವು ಜೀವರಕ್ಷಣೆ. ಎಲ್ಲವನ್ನೂ ತೆರೆದಿಡುವುದಾದರೆ ಮೇಲೆ ಮುಚ್ಚುವುದೇಕೆ ಎಂದು ರಾಯರಿಗೆ ಧರ್ಮಸಂಕಟ. ಅಳಿಯ ಆಫೀಸಿಗೆ ಹೋದಾಗ ಕಿಂಡಿಗಳಿಗೆ ಹಳೆಯ ಪೇಪರ್ ತುರುಕಿ ಬಂದರು. ಅಳಿಯ ಸಂಜೆ ಕಿತ್ತ. ಮರುದಿನ ಮತ್ತೆ ತುರುಕಿದರು. ಮೂರನೆಯ ದಿನ ಮಗಳು ಒಂದು ಮಾತು ಹೇಳಿದಳು, ಅಲ್ಲಿಗೆ ನಿಂತಿತು. ಆ ಮಾತು ಏನೆಂದು ರಾಯರು ನನಗೆ ಹೇಳಿಲ್ಲ.

ಕವರ್ ಏರಿಸಿದ ದಿನದ ವೀಡಿಯೊ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಬಂತು. ಅಳಿಯ ಏಣಿಯ ಮೇಲೆ, ಎಡಮನೆಯವನು ಹಿಂದೆ, ರಾಯರು ಕೆಳಗೆ ನಿಂತು "ಎಳೀರಿ, ಇನ್ನೊಂಚೂರು, ಆ ಕಡೆ" ಎನ್ನುತ್ತ ಕನ್ನಡದಲ್ಲೇ ಇಬ್ಬರಿಗೂ ಆಜ್ಞೆ ಕೊಡುತ್ತಿದ್ದರು. ಪೂರ್ತಿ ಹೊದಿಸಿ, ಹೊಟ್ಟೆಯಡಿ ಪಟ್ಟಿ ಬಿಗಿದ ಮೇಲೆ ನೋಡಿದರೆ ಬಾಗಿಲಿಗೆಂದು ಬಿಟ್ಟ ಜಿಪ್ಪು ಬಾಗಿಲಿಲ್ಲದ ಪಕ್ಕಕ್ಕೆ ಬಂದಿತ್ತು. ಹಿಂದುಮುಂದಾಗಿತ್ತು.

ಬ್ರಿಟನ್ ಮತ್ತು ಐರ್ಲೆಂಡಿನ ಹವಾಮಾನ ಇಲಾಖೆಗಳು 2015ರಿಂದ ಬಿರುಗಾಳಿಗಳಿಗೆ ಹೆಸರಿಡುತ್ತವೆ. ಮೊಮ್ಮಗುವಿನ ನಾಮಕರಣಕ್ಕೆ ಮುಂಚೆಯೇ ಅಂಥದ್ದೊಂದು ನಾಮಕರಣವಾದ ಗಾಳಿ ಲೆಸ್ಟರಿಗೂ ಬಂತು. ರಾತ್ರಿಯಿಡೀ ಕವರ್ ಪಟಪಟ ಬಡಿದು ಮಗು ಎದ್ದು ಅಳತೊಡಗಿತು. ರಾಯರು ಮಂಕಿ ಕ್ಯಾಪು, ಶಾಲು, ಅದರ ಮೇಲೆ ಅಳಿಯನ ರೇನ್‌ಕೋಟು ಹೊದ್ದು ಟಾರ್ಚ್ ಹಿಡಿದು ಹೊರಬಂದರು. ಬೇಲಿಯ ಆಚೆ ಡ್ರೆಸ್ಸಿಂಗ್ ಗೌನ್ ತೊಟ್ಟು ಇನ್ನೊಂದು ಟಾರ್ಚ್ ನಿಂತಿತ್ತು. ಇಬ್ಬರೂ ಒಬ್ಬರ ಮುಖಕ್ಕೊಬ್ಬರು ಬೆಳಕು ಬಿಟ್ಟು, ಗುಡ್ ಈವ್ನಿಂಗ್ ಹೇಳಿ, ತಂತಮ್ಮ ಪಟ್ಟಿ ಬಿಗಿಯಲು ಬಗ್ಗಿದರು. ಎದುರುಮನೆಯ ನಾಸ್ತಿಕನ ಮನೆಯಲ್ಲಿ ದೀಪವೇ ಹೊತ್ತಲಿಲ್ಲ.

ಮಾರ್ಚಿನಲ್ಲಿ ಕವರ್ ತೆಗೆದರು. ಚಾವಣಿ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಿತ್ತು, ಅದರಲ್ಲಿ ಸುಳ್ಳಿಲ್ಲ. ಪಟ್ಟಿಯ ಬಕಲ್ ಬಡಿದು ಒಂದು ಕಿಟಕಿಗೆ ಉದ್ದಕ್ಕೂ ಗೀರು ಬಿದ್ದಿತ್ತು. ಚಾವಣಿಯ ಸೌರಫಲಕಕ್ಕೆ ಚಳಿಗಾಲವೆಲ್ಲ ಬೆಳಕೇ ತಾಗದೆ, ಅಲಾರಮ್ಮಿಗೆ ಶಕ್ತಿ ಕೊಟ್ಟು ಕೊಟ್ಟು ಬ್ಯಾಟರಿ ಸತ್ತಿತ್ತು. ಈ ಕೊನೆಯದು ರಾಯರಿಗೆ ಊರಿನ ನೆನಪು ತಂದಿತಂತೆ. ಎದುರುಮನೆಯವನ ಬಂಡಿ ಹಸಿರು ಪಾಚಿ ಹಿಡಿದು ನಿಂತಿತ್ತು. ಅವನು ಶನಿವಾರ ಬೆಳಿಗ್ಗೆ ತೊಳೆದ, ಮಧ್ಯಾಹ್ನ ಹೆಂಡತಿ ನಾಯಿ ಸಮೇತ ವೇಲ್ಸ್ ಕಡೆ ಹೊರಟೇಹೋದ.

ಅದನ್ನು ನೋಡಿ ಅಳಿಯನಿಗೂ ಉಮೇದು ಬಂತು. ಅತ್ತೆ ಮಾವ ಊರಿಗೆ ಹೊರಡುವ ಮುನ್ನ ಎಲ್ಲರೂ ಸಮುದ್ರತೀರದಲ್ಲಿ ಎರಡು ರಾತ್ರಿ ಕಳೆಯೋಣವೆಂದು ಕಾರಿಗೆ ಕ್ಯಾರವಾನ್ ಸಿಕ್ಕಿಸಿದ. ಮಗುವಿನ ಬಟ್ಟೆ, ಪುಳಿಯೋಗರೆ, ಫ್ಲಾಸ್ಕು ಎಲ್ಲ ಒಳಗೆ ಸೇರಿದವು. ರಾಯರು ಮಾತ್ರ ಅಂಗಳ ಬಿಟ್ಟು ಅಲ್ಲಾಡಲಿಲ್ಲ.

"ಅಲ್ಲ ಅಳಿಯಂದಿರೇ, ಆರು ತಿಂಗಳು ಕಷ್ಟಪಟ್ಟು ಕಾಪಾಡಿದ್ದೀವಿ. ಈಗ ತಗೊಂಡು ಹೋಗಿ ಮಣ್ಣು ಮಾಡ್ಕೊಂಡು ಬರೋದೇ?"

ಬಂಡಿ ಹೋಗಲಿಲ್ಲ. ಪುಳಿಯೋಗರೆಯನ್ನು ಅಂಗಳದಲ್ಲೇ, ಕ್ಯಾರವಾನಿನ ಪಕ್ಕ ಕುರ್ಚಿ ಹಾಕಿಕೊಂಡು ತಿಂದರು. ಒಳಗೆ ಕೂತು ತಿಂದರೆ ಸೋಫಾಗೆ ಎಣ್ಣೆಯಾಗುತ್ತದಲ್ಲ.

ನಿಮ್ಮ ಮಕ್ಕಳೋ ಅಳಿಯಂದಿರೋ ಆ ಕಡೆ ಕ್ಯಾರವಾನ್ ಕೊಂಡು ಇದೇ ಪೇಚಿಗೆ ಸಿಕ್ಕಿದ್ದರೆ, ಇಷ್ಟೆಲ್ಲ ಕೇಳಿದ ಮೇಲೆ ನನ್ನ ತೀರ್ಪು ಇದು. ಮರದಡಿ ನಿಲ್ಲಿಸುವುದಾದರೆ, ಗಾಳಿಗೆ ಮರೆಯಿದ್ದರೆ, ಅಳತೆಗೆ ಸರಿಯಾದ ಉಸಿರಾಡುವ ಕವರನ್ನು ತೊಳೆದ ಬಂಡಿಗೆ ಹಾಕಿ, ಆಗಾಗ ಪಟ್ಟಿ ನೋಡುತ್ತಿರಿ. ಗಾಳಿ ಬೀಸುವ ಬಯಲಾದರೆ ಬೇಡವೇ ಬೇಡ, ವಸಂತದಲ್ಲಿ ಒಂದು ಬೆಳಿಗ್ಗೆ ಪಾಚಿ ತಿಕ್ಕಿದರಾಯಿತು. ಒಳಗೆ ಆಗಲೇ ಸೋರುವಿಕೆ ಇದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಕವರು ಆ ತೇವವನ್ನು ಒಳಗೇ ಭದ್ರವಾಗಿ ಕಾಯುತ್ತದೆ, ಮರದ ಚೌಕಟ್ಟು ಕೊಳೆಯುತ್ತದೆ. ನೀಲಿ ಟಾರ್ಪಾಲಂತೂ ಕೂಡದು. ಮಾವನವರನ್ನು ಕರೆಸಿಕೊಳ್ಳುವುದಿದ್ದರೆ ಮೇ ತಿಂಗಳಲ್ಲಿ, ಬಂಡಿ ಊರು ಬಿಟ್ಟ ಮೇಲೆ ಕರೆಸಿಕೊಳ್ಳಿ.