ಹುಡುಗನಿಗೆ ಕಾಫಿ ಚಟ ಮಾತ್ರ

ಕೆಲಸ ಹುಡುಕುವವರಿಗೆ ಬುದ್ಧಿ ಹೇಳುವ ಬರಹಗಳನ್ನು ನಾನು ವಾರಭವಿಷ್ಯ ಓದುವವರ ಶ್ರದ್ಧೆಯಿಂದ ಓದುತ್ತೇನೆ. ಕೆಲಸ ಬದಲಿಸುವ ಉದ್ದೇಶವಾಗಲಿ ಧೈರ್ಯವಾಗಲಿ ನನಗಿಲ್ಲ, ಆದರೂ ಓದುತ್ತೇನೆ. ರೆಸ್ಯೂಮೆ ಎಷ್ಟು ಪುಟ ಇರಬೇಕು, ಸಂಬಳದ ಮಾತು ಮೊದಲು ಯಾರು ಎತ್ತಬೇಕು ಎಂಬ ವಿಧಿಗಳೆಲ್ಲ ಆಗಾಗ ಬದಲಾಗುತ್ತವೆ. ಅಲುಗದೆ ನಿಂತಿರುವುದು ಒಂದೇ: ‘ನಿಮ್ಮ ದೌರ್ಬಲ್ಯವೇನು?’ ಎಂದು ಕೇಳಿದರೆ ‘ನಾನು ಪರ್ಫೆಕ್ಷನಿಸ್ಟ್, ಎಲ್ಲವೂ ಅಚ್ಚುಕಟ್ಟಾಗಿರಬೇಕು’ ಅನ್ನಿ. ಸಲಹೆಗಾರರು ಇದನ್ನು ಮ್ಯಾನೇಜ್‌ಮೆಂಟ್ ವಿದ್ಯೆಯ ಹೊಸ ಶೋಧವೆಂಬಂತೆ ಹೇಳುತ್ತಾರೆ. ನನ್ನ ವಾದವಿಷ್ಟೆ: ಪ್ರಶ್ನೆ, ಉತ್ತರ ಎರಡೂ ನಮ್ಮ ಹೆಣ್ಣು ನೋಡುವ ಶಾಸ್ತ್ರದ ಸ್ವತ್ತು.

ಉಪ್ಪಿಟ್ಟು, ಕೇಸರಿಭಾತು ಬಂದಿದೆ. ಹೆಣ್ಣಿನ ಸೋದರಮಾವ ಗಂಟಲು ಸರಿಮಾಡಿಕೊಂಡು ‘ಹುಡುಗನಿಗೆ ಚಟ ಗಿಟ ಏನಾದರೂ…’ ಎಂದು ವಾಕ್ಯವನ್ನು ನಡುನೀರಿನಲ್ಲಿ ಬಿಡುತ್ತಾನೆ. ಏನೂ ಇಲ್ಲ ಎಂದರೆ ದೊಡ್ಡದೇ ಏನೋ ಇದೆ ಎಂದರ್ಥ. ಇದೆ ಎಂದರೆ ಕೇಸರಿಭಾತು ಅಲ್ಲಿಗೇ ಮುಗಿಯಿತು. ಆಗ ಹುಡುಗನ ತಾಯಿ ‘ಕಾಫಿ ಒಂದು ಸ್ವಲ್ಪ ಜಾಸ್ತಿ ನೋಡಿ’ ಅನ್ನುತ್ತಾಳೆ. ಈ ಕಾಫಿಯನ್ನು ನಿಧಾನವಾಗಿ ಹೀರಬೇಕು. ಅದು ತಪ್ಪೊಪ್ಪಿಗೆ, ಹಾಗಾಗಿ ಮನೆತನ ಪ್ರಾಮಾಣಿಕ. ಅಗ್ಗ, ಹಾಗಾಗಿ ಆಸ್ತಿ ಕರಗದು. ಕೇಳಿದವನ ಕೈಯಲ್ಲೂ ಅದರದೇ ಲೋಟ, ಹಾಗಾಗಿ ಅವನೂ ಆಡಿಕೊಳ್ಳುವಂತಿಲ್ಲ. ‘ದಿನಕ್ಕೆ ಎಷ್ಟು?’ ಎಂಬ ಉಪಪ್ರಶ್ನೆಗೂ ತಯಾರಿ ಇದೆ: ‘ನಾಲ್ಕಿತ್ತು, ಈಗ ಮೂರಕ್ಕೆ ಇಳಿಸಿದ್ದಾನೆ.’ ದೌರ್ಬಲ್ಯದ ಬೆನ್ನಿಗೇ ಅದನ್ನು ತಿದ್ದಿಕೊಳ್ಳುತ್ತಿರುವ ಬಗೆಯನ್ನೂ ಹೇಳಿ ಎಂದು ಸಲಹೆಗಾರರು ಈಚೆಗೆ ಸೇರಿಸಿರುವುದು ಇದನ್ನೇ ಅಲ್ಲವೆ? ಚಿಕೋರಿ ಎಷ್ಟು ಪಾಲು ಎಂದು ಮಾವ ವಿಚಾರಿಸಿದನೋ, ಸಂಬಂಧ ಕುದುರಿದಂತೆಯೇ. ಏಕೆಂದರೆ ಚಿಕೋರಿ ವಿಷಯ ಎತ್ತಿದವನು ಡಿಕಾಕ್ಷನ್ ಇಳಿಯುವವರೆಗಾದರೂ ಏಳುವವನಲ್ಲ, ಇನ್ನು ಡಿಕಾಕ್ಷನ್ ಎಂದಮೇಲೆ ಫಿಲ್ಟರು ಹಿತ್ತಾಳೆಯದೋ ಸ್ಟೀಲಿನದೋ— ವಾದ ಬಿಟ್ಟು ಲೋಟದೊಳಗೆ ಬಿದ್ದೆ. ಇದನ್ನು ದೌರ್ಬಲ್ಯ ಅನ್ನಬೇಡಿ. ವಿವರಗಳ ಬಗ್ಗೆ ನನಗಿರುವ ಅತಿಯಾದ ಕಾಳಜಿ.

ಈ ವಿದ್ಯೆ ಲಿಯೊನಾರ್ಡೊ ಡ ವಿಂಚಿಗೂ ಗೊತ್ತಿತ್ತು. 1482ರ ಸುಮಾರಿಗೆ ಮಿಲಾನಿನ ಲುಡೊವಿಕೊ ಸ್ಫೋರ್ಜಾನ ಬಳಿ ಕೆಲಸ ಕೇಳಲು ಸಿದ್ಧಪಡಿಸಿದ ಪತ್ರದ ಕರಡು ಉಳಿದುಬಂದಿದೆ. ಹೊತ್ತೊಯ್ಯುವ ಸೇತುವೆ, ಫಿರಂಗಿ, ಸುರಂಗ, ಕವಚ ಹೊದಿಸಿದ ರಥ ಎಂದು ಉದ್ದಕ್ಕೂ ಯುದ್ಧದ ಸಾಮಾನು. ಚಿತ್ರ ಬರೆಯಬಲ್ಲೆ ಎಂಬುದು ಕೊನೆಯ ಹೊತ್ತಿಗೆ ನೆನಪಾದಂತಿದೆ. ಧಣಿಯ ತಂದೆಯ ನೆನಪಿಗೆ ಕಂಚಿನ ಕುದುರೆ ಮಾಡಿಕೊಡುವ ಮಾತೂ ಉಂಟು. ದೌರ್ಬಲ್ಯ ಕೇಳಿದ್ದರೆ ‘ಹಿಡಿದದ್ದನ್ನು ಮುಗಿಸುವುದಿಲ್ಲ’ ಎನ್ನಬೇಕಿತ್ತು. ಫ್ಲಾರೆನ್ಸಿನಲ್ಲಿ ಸಂನ್ಯಾಸಿಗಳಿಗೆ ಒಪ್ಪಿಕೊಂಡಿದ್ದ ದೊಡ್ಡ ಚಿತ್ರವನ್ನು ಅರೆಬರೆ ಬಿಟ್ಟೇ ಬಂದಿದ್ದ. ಕುದುರೆಯ ಮಣ್ಣಿನ ಮಾದರಿ ಎದ್ದು ನಿಲ್ಲುವಷ್ಟರಲ್ಲಿ ಹತ್ತು ವರ್ಷ ದಾಟಿತು. 1494ರಲ್ಲಿ ಕೂಡಿಟ್ಟ ಕಂಚು ಫಿರಂಗಿಗೆ ಹೋಯಿತು, 1499ರಲ್ಲಿ ನುಗ್ಗಿದ ಫ್ರೆಂಚ್ ಬಿಲ್ಲುಗಾರರು ಮಣ್ಣಿನ ಕುದುರೆಯ ಮೇಲೆ ಗುರಿ ಕಲಿತರು. ನಿಜ ಹೇಳಿದ್ದರೆ ಕೆಲಸವೂ ಇಲ್ಲ, ಲುಡೊವಿಕೊ ಬರೆಸಿದ ‘ಕೊನೆಯ ಭೋಜನ’ವೂ ಇಲ್ಲ. ‘ಪರ್ಫೆಕ್ಷನಿಸ್ಟ್’ ಎಂದಿದ್ದರೆ, ಪಾಪ, ಒಬ್ಬನ ಬಾಯಲ್ಲಾದರೂ ಆ ಮಾತು ನಿಜವಾಗುತ್ತಿತ್ತು.

ದೌರ್ಬಲ್ಯ ತಿಳಿಯುವುದಕ್ಕಲ್ಲ, ಆತ್ಮವಿಮರ್ಶೆಯ ಗುಣವಿದೆಯೇ ಎಂದು ನೋಡುವುದಕ್ಕೆ ಕೇಳುತ್ತೇವೆ ಎಂದು ಎಚ್‌ಆರ್ ಪಂಡಿತರು ಆಕ್ಷೇಪಿಸುತ್ತಾರೆ. ಹೌದೇ? ಉತ್ತರಪತ್ರಿಕೆಯನ್ನು ಊರಿಗೆಲ್ಲ ಹಂಚಿ ನಡೆಸುವ ಪರೀಕ್ಷೆಯಲ್ಲಿ ಗೊತ್ತಾಗುವುದು ಯಾರ ಕೈಗೆ ಪತ್ರಿಕೆ ಸಿಕ್ಕಿತ್ತು ಎಂಬುದಷ್ಟೆ. ಸಿಗದವರು ಯಾರು? ಮನೆಯಲ್ಲಿ ಮೊದಲ ಪದವಿ ಪಡೆದ, ಹಳ್ಳಿಯ ಕಾಲೇಜಿನಿಂದ ಬಂದ ಹುಡುಗಿ. ಅವಳು ಪ್ರಶ್ನೆಯನ್ನು ಪ್ರಶ್ನೆಯೆಂದೇ ತಿಳಿದು ‘ಇಂಗ್ಲಿಷ್ ಸ್ವಲ್ಪ ಕಷ್ಟ ಸರ್’ ಎನ್ನುತ್ತಾಳೆ. ಆ ಕೋಣೆಯಲ್ಲಿ ಆತ್ಮವಿಮರ್ಶೆ ಮಾಡಿಕೊಂಡವಳು ಅವಳೊಬ್ಬಳೇ, ಮನೆಗೆ ಹೋಗುವವಳೂ ಅವಳೊಬ್ಬಳೇ. ಇಲ್ಲಿ ನನಗೆ ನಗು ಬರುವುದಿಲ್ಲ. ಸಂದರ್ಶನವೇ ಬೇಡವೇ ಎಂದು ಕೇಳುವವರಿಗೆ ಒಂದು ಸಂಗತಿ: ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ‘ಸಿ’ ದರ್ಜೆಯ ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ‘ಬಿ’ ದರ್ಜೆಯ ಹುದ್ದೆಗಳಿಗೂ ಸಂದರ್ಶನ ಕೈಬಿಟ್ಟಿತು. ಅದಕ್ಕೆ ಕಾರಣವಾಗಿ ಹೇಳಿದ್ದೂ ಭ್ರಷ್ಟಾಚಾರಕ್ಕೆ ತಡೆ ಎಂದೇ. ಆದರೆ ಐಎಎಸ್ ಆಗುವವರ ವ್ಯಕ್ತಿತ್ವ ಪರೀಕ್ಷೆಗೆ ಇಂದಿಗೂ 275 ಅಂಕ. ದೊಡ್ಡ ಕುರ್ಚಿಗೆ ಕಾಫಿಯ ಲೆಕ್ಕ ಕೇಳಲೇಬೇಕೆಂದು ತೋರುತ್ತದೆ.

ಕೊನೆಗೆ ‘ನೀವೇನಾದರೂ ಕೇಳುವುದಿದೆಯೇ?’ ಅನ್ನುತ್ತಾರಲ್ಲ, ಆಗ ಅದೇ ಪ್ರಶ್ನೆಯನ್ನು ಅವರ ತಟ್ಟೆಗೆ ಬಡಿಸುವುದು ನ್ಯಾಯ: ನಿಮ್ಮ ಕಂಪನಿಯ ದೌರ್ಬಲ್ಯವೇನು? ಅವರೂ ಪಾಠ ಒಪ್ಪಿಸಿಯೇ ಬಂದವರು. ‘ನಾವೆಲ್ಲ ಇಲ್ಲಿ ಒಂದೇ ಕುಟುಂಬದ ಹಾಗೆ. ಮನೆಗೆ ಹೊರಡುವ ಹೊತ್ತು ಸ್ವಲ್ಪ ಹಿಂದೆ ಮುಂದೆ ಆಗಬಹುದು. ಕಾಫಿ ಮಾತ್ರ ಎಷ್ಟು ಬೇಕಾದರೂ ಫ್ರೀ.’