ಚೌಕಾಸಿ ರಾಯರ ಸ್ಕೂಟರು

ಚೌಕಾಸಿ ರಾಯರು ಕೈಚೀಲ ಹಿಡಿದು ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಗಾಂಧಿ ಬಜಾರಿನ ಬೆಂಡೆಕಾಯಿ ಬುಟ್ಟಿಗಳ ಮೇಲೆ ಗೋಣಿತಾಟು ಬೀಳುತ್ತದೆ. ಕಾಲು ಕೆಜಿ ಕೊಳ್ಳುವುದಕ್ಕೆ ಅವರು ಅರ್ಧ ಕೆಜಿಯ ತುದಿ ಮುರಿಯುತ್ತಾರೆ. ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲುಗಾಡಿಸಿ, ಬೆರಳಲ್ಲಿ ತಟ್ಟಿ, ಹಳೇ ಡಾಕ್ಟರರ ಹಾಗೆ ಮುಖ ಗಂಭೀರ ಮಾಡುತ್ತಾರೆ. ಎಲ್ಲ ಮುಗಿದು ದುಡ್ಡು ಕೊಟ್ಟ ಮೇಲೂ ಕೊಸರಿಗೆ ನಾಲ್ಕೆಳೆ ಕೊತ್ತಂಬರಿ ಬಾರದೆ ಕಾಲು ಕೀಳುವುದಿಲ್ಲ. ಇಂಥವರು ಬೆಂಗಳೂರಿನಲ್ಲಿ ಬೀದಿಗೊಬ್ಬರಿದ್ದಾರೆ, ಮೈಸೂರಿನಲ್ಲಿ ಇಬ್ಬರು.

ಈ ರಾಯರ ಕೈಗೆ ನಿವೃತ್ತಿಯ ವರ್ಷ ಮಗ ಸ್ಮಾರ್ಟ್‌ಫೋನು ಕೊಟ್ಟ. ಅದರಲ್ಲಿ ಹಳೇ ಸಾಮಾನಿನ ಸಂತೆಯೊಂದು ಹಗಲೂ ರಾತ್ರಿ ನಡೆಯುತ್ತಿತ್ತು. ಬಿಸಿಲಿಲ್ಲ, ನೂಕುನುಗ್ಗಲಿಲ್ಲ, ಆರಾಮ ಕುರ್ಚಿಯಲ್ಲೇ ಕೂತು ಕಂಡವರ ಫ್ರಿಜ್ಜು, ಮಂಚ, ಹಾರ್ಮೋನಿಯಮ್ಮುಗಳಿಗೆಲ್ಲ ಅರ್ಧ ರೇಟು ಕೇಳಬಹುದು. ವಾಕಿಂಗ್ ಗೆಳೆಯರಿಗೆ ಅವರು ಇಬೇ ಹರಾಜುತಾಣದ ಪುರಾಣ ಹೇಳತೊಡಗಿದರು. 1995ರಲ್ಲಿ ಪಿಯರ್ ಒಮಿಡ್ಯಾರ್ ಅದನ್ನು ಶುರುಮಾಡಿದಾಗ ಮೊದಲು ಮಾರಾಟವಾದ ವಸ್ತು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, ಹೋದದ್ದು 14.83 ಡಾಲರಿಗೆ. “ಕೆಟ್ಟಿದೆ ಅಂತ ಗೊತ್ತು ತಾನೇ?” ಎಂದು ಮಾರಿದವನೇ ವಿಚಾರಿಸಿದ್ದನಂತೆ. ಅಂಥ ಮಾರಾಟಗಾರರೇ ಲೋಕದ ತುಂಬ ಇದ್ದಾರೆಂದು ರಾಯರು ನಂಬಿದ್ದರಲ್ಲೇ ಎಡವಟ್ಟಿತ್ತು.

ಸ್ಕೂಟರು ಸಿಕ್ಕಿದ್ದು ಒಂದು ರಾತ್ರಿ. ಮೂರು ವರ್ಷ ಹಳೆಯದು, ಹೊಳೆಯುವ ಬಿಳಿ ಬಣ್ಣ, ಇಪ್ಪತ್ತೆರಡು ಸಾವಿರ. ಮಾರುವವನು ತಾನು ಸೇನೆಯವನು, ಕಾಶ್ಮೀರಕ್ಕೆ ವರ್ಗವಾಗಿದೆ, ಎರಡು ದಿನದಲ್ಲಿ ಹೊರಡಬೇಕು ಎಂದ. “ಜೈ ಹಿಂದ್ ಸರ್” ಎಂಬ ಸಂದೇಶಕ್ಕೆ ರಾಯರು ಕುರ್ಚಿಯಲ್ಲೇ ನೆಟ್ಟಗಾದರು. ಗುರುತಿನ ಚೀಟಿಯ ಫೋಟೊ ಬಂತು, ಕ್ಯಾಂಟೀನ್ ಕಾರ್ಡಿನ ಫೋಟೊ ಬಂತು. ಬೆಂಡೆಯ ತುದಿ ಮುರಿದು ನೋಡುವ ಬೆರಳಿಗೆ ಗಾಜಿನ ಪರದೆಯ ಮೇಲೆ ಮುರಿಯಲು ಏನೂ ಸಿಗಲಿಲ್ಲ. ಈ ವೇಷ ನಮ್ಮ ಪೊಲೀಸರಿಗೆ ಎಷ್ಟು ಹಳತೆಂದರೆ, ಊರೂರಲ್ಲೂ ಅದರ ಬಗ್ಗೆ ಎಚ್ಚರಿಕೆ ಕೊಟ್ಟು ಕೊಟ್ಟು ಅವರಿಗೇ ಬೇಸರ ಬಂದಿರಬೇಕು. ಚೀಟಿ ಎಷ್ಟೋ ಸಲ ನಿಜವಾದ ಯೋಧನದೇ ಆಗಿರುತ್ತದೆ; ಕಳ್ಳ ಅದರ ಫೋಟೊ ಎಲ್ಲಿಂದಲೋ ಹಾರಿಸಿರುತ್ತಾನೆ.

ರಾಯರು ಚೌಕಾಸಿಗೆ ಇಳಿದರು. ಹದಿನೈದು ಎಂದರು. ಆ ಕಡೆಯವನು ನಿಟ್ಟುಸಿರಿಟ್ಟು, ಹೆಂಡತಿಯ ಹೆಸರು ಹೇಳಿ, ಕೊನೆಗೆ ಹದಿನೆಂಟೂವರೆಗೆ ಒಪ್ಪಿದ. ಕೊತ್ತಂಬರಿ ಮಾರುವ ಹೆಂಗಸು ಎಂದೂ ಅಷ್ಟು ಸುಲಭವಾಗಿ ಸೋತವಳಲ್ಲ. ಸೋಲುವವನಿಗೆ ಮಾರುವುದಕ್ಕೆ ಸ್ಕೂಟರೇ ಇಲ್ಲದಿರಬಹುದು ಎಂಬ ಅನುಮಾನ ಗೆದ್ದವರ ತಲೆಗೆ ಹೊಳೆಯುವುದಿಲ್ಲ. ಅವನು ಆ ರಾತ್ರಿ ಮಾರಿದ್ದು ಗೆಲುವನ್ನು.

ಮರುದಿನ ಲೆಕ್ಕ ಶುರುವಾಯಿತು. ಗಾಡಿ ಸೇನೆಯ ಪಾರ್ಸಲ್ಲಿನಲ್ಲಿ ಮನೆಬಾಗಿಲಿಗೇ ಬರುತ್ತದೆ, ಗೇಟ್ ಪಾಸಿಗೆ ಮಾತ್ರ 2,150 ಕಟ್ಟಬೇಕು, ಅದೂ ಆಮೇಲೆ ವಾಪಸು. ಆಮೇಲೆ ಸಾಗಣೆಗೆ 5,100. ಆಮೇಲೆ ವಿಮೆಗೆ 7,250. ರಾಯರು ಮುನಿದು “ಸ್ಕೂಟರೂ ಬೇಡ, ಏನೂ ಬೇಡ, ನನ್ನ ದುಡ್ಡು ಕೊಡು” ಎಂದಾಗ ಅವನು ಅಪಾರ ವಿನಯದಿಂದ ಒಂದು ಕ್ಯೂಆರ್ ಕೋಡ್ ಕಳಿಸಿದ: ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ 14,500 ವಾಪಸು ಬರುತ್ತದೆ. ಯುಪಿಐಯಲ್ಲಿ ಹಣ ಪಡೆಯುವವರು ಸ್ಕ್ಯಾನೂ ಮಾಡಬೇಕಿಲ್ಲ, ಪಿನ್ನೂ ಒತ್ತಬೇಕಿಲ್ಲ. ಪಿನ್ ಕೇಳಿತೆಂದರೆ ದುಡ್ಡು ಹೊರಟಿತೆಂದೇ ಅರ್ಥ. ರಾಯರು ಒತ್ತಿದರು. ಇನ್ನೊಂದು 14,500 ಹೋಯಿತು.

ಇಲ್ಲಿಂದ ಮುಂದೆ ಅವರು ನಷ್ಟಕ್ಕೂ ಚೌಕಾಸಿ ಹೂಡಿದರು. ಪಕ್ಕದ ಮನೆಯವರಿಗೆ “ಯಾವನೋ ಫೋನ್ ಮಾಡಿದ್ದ, ಬೈದು ಇಟ್ಟೆ” ಎಂದರು. ಮಗನಿಗೆ ಎರಡು ಸಾವಿರ ಎಂದರು. ಹೆಂಡತಿ ಮುಖ ನೋಡಿಯೇ ಕೇಳಿದ್ದರಿಂದ ಐದಕ್ಕೆ ಏರಿದರು. ಗುಟ್ಟಾಗಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರು ಹುಡುಕಿದರೆ, ಎತ್ತಿಕೊಂಡ ಪುಣ್ಯಾತ್ಮ ಫೋನಿಗೊಂದು ಆ್ಯಪ್ ಹಾಕಿಕೊಳ್ಳಿ, ಪರದೆ ನನಗೆ ಕಾಣುವ ಹಾಗೆ ಮಾಡಿ ಎಂದ. ಬಿದ್ದವರನ್ನು ಎತ್ತುವ ನೆಪದಲ್ಲಿ ಜೇಬಿಗೆ ಕೈಹಾಕುವ ಪಂಗಡ ಇದು. ಪುಣ್ಯಕ್ಕೆ ಅಷ್ಟರಲ್ಲಿ ಫೋನು ಹೆಂಡತಿಯ ಕೈಗೆ ಹೋಗಿತ್ತು.

“ರೀ, ಮಾನ ಆಮೇಲೆ ನೋಡ್ಕೊಳ್ಳೋಣ” ಎಂದು ಆಕೆ ಒತ್ತಿದ್ದು 1930.

ಸೈಬರ್ ವಂಚನೆಯ ದೂರು ಕೇಳುವ ಈ ಸಹಾಯವಾಣಿಗೆ ಮೊದಲು ಇದ್ದ ಆರಂಕಿಯ 155260 ಯಾರ ನೆನಪಲ್ಲೂ ನಿಲ್ಲುವಂಥದ್ದಲ್ಲ. 1930 ಅಜ್ಜ ಹುಟ್ಟಿದ ಇಸವಿಯ ಹಾಗೆ ನೆನಪಿರುತ್ತದೆ. ಆ ಕಡೆಯವರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಯಾವ ಬ್ಯಾಂಕು, ಯಾವ ಹೊತ್ತು, ಎಷ್ಟು, ಪ್ರತಿ ಪಾವತಿಯ ಹನ್ನೆರಡಂಕಿಯ ಯುಟಿಆರ್ ಸಂಖ್ಯೆ ಏನು ಎಂದಷ್ಟೇ ಕೇಳಿದರು. ಅಲ್ಲಿ ಚೌಕಾಸಿ ನಡೆಯುವುದಿಲ್ಲ. ರಾಯರು ಕನ್ನಡಕ ಒರೆಸಿಕೊಂಡು ಒಂದೊಂದೇ ಮೊತ್ತ ಓದತೊಡಗಿದರು. ಹೆಂಡತಿ ಕ್ಯಾಲೆಂಡರಿನ ಹಿಂದೆ ಒಂದರ ಕೆಳಗೊಂದು ಬರೆದು ಕೂಡಿದರು. ಇಪ್ಪತ್ತೊಂಬತ್ತು ಸಾವಿರ. ಅಡುಗೆಮನೆಯಲ್ಲಿ ಕುಕ್ಕರು ಮೂರು ಸಲ ಕೂಗಿತು. ಆಕೆ ಏನೂ ಅನ್ನಲಿಲ್ಲ, ಅದೇ ಭಯಂಕರವಾಗಿತ್ತು.

ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿಯುತ್ತ ಎಟಿಎಮ್ಮಿನಿಂದ ಹೊರಬೀಳುವುದರೊಳಗೆ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿಸಿ ತಡೆ ಹಾಕಿಸುವುದೇ 1930ರ ಕೆಲಸ. ಹಾಗಾಗಿ ಮೊದಲ ಗಂಟೆಗೇ ಬೆಲೆ. ರಾಯರು ಸಂಕೋಚಕ್ಕೆ ಕಳೆದದ್ದು ಒಂದೂವರೆ ದಿನ. ಕೊನೆಯ 14,500ರಲ್ಲಿ ಒಂದಿಷ್ಟು ಸಿಕ್ಕಿಬಿತ್ತು, ಉಳಿದದ್ದು ಆವಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಚಾಟು, ಚೀಟಿ, ಕ್ಯೂಆರ್ ಸಮೇತ ದೂರು ತುಂಬಿದ್ದಾಯಿತು. ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯ ಮೆಟ್ಟಿಲೂ ಹತ್ತಿದರು. ಬೇರೊಬ್ಬನೆಂದು ನಟಿಸಿ ಕಂಪ್ಯೂಟರು, ಫೋನಿನ ಮೂಲಕ ವಂಚಿಸಿದವನಿಗೆ ಐಟಿ ಕಾಯ್ದೆಯ 66ಡಿ ಪ್ರಕಾರ ಮೂರು ವರ್ಷದವರೆಗೆ ಸಜೆ ಎಂದು ತಿಳಿದ ದಿನ ರಾಯರು ಎರಡು ತುತ್ತು ಹೆಚ್ಚು ಉಂಡರು.

ಈಗ ಅವರು ಬಡಾವಣೆಯ ತಜ್ಞರು. ಹಳೇ ಗಾಡಿ ಕೊಳ್ಳುವವರಿಗೆ ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ತೋರಿಸುತ್ತಾರೆ. ತಮ್ಮ ಸ್ಕೂಟರಿನ ನಂಬರು ಒಂದು ಗೂಡ್ಸ್ ಆಟೊದ್ದು ಎಂದು ಅವರಿಗೆ ತಿಳಿದದ್ದೂ ಹೀಗೆಯೇ, ತಡವಾಗಿ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆಂದು ಕುಣಿಯುತ್ತ ಬಂದ ಗೆಳೆಯರನ್ನು, ರಿಸರ್ವ್ ಬ್ಯಾಂಕು ತನ್ನ ಹೆಸರಿನಲ್ಲಿ ಕಮಿಷನ್ ಕೇಳುವವರ ಬಗ್ಗೆ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ ಎಂದು ಹೇಳಿ ಕೂರಿಸಿದರು. ರಾಮನಗರದಲ್ಲಿ ರೇಷ್ಮೆಗೂಡಿಗೂ ಮೊಬೈಲಿನಲ್ಲೇ ಹರಾಜಲ್ಲವೇ ಎಂದು ಯಾರೋ ವಾದಿಸಿದರೆ, “ಅಲ್ಲಿ ಗೂಡು ಕಣ್ಣೆದುರೇ ಬಿದ್ದಿರುತ್ತಪ್ಪ, ಕೈಯಾಡಿಸಿ ನೋಡಿ ಆಮೇಲೆ ಮೊಬೈಲು ಒತ್ತಬಹುದು” ಎಂದು ಬಾಯಿ ಮುಚ್ಚಿಸಿದರು.

ಮೊನ್ನೆ ರಾತ್ರಿ ಅದೇ ಬಿಳಿ ಸ್ಕೂಟರು ಮತ್ತೆ ಕಾಣಿಸಿಕೊಂಡಿತು. ಫೋಟೊ ಅದೇ, ಊರು ಮಾತ್ರ ಹುಬ್ಬಳ್ಳಿ. ರಾಯರು ತಾಣಕ್ಕೆ ದೂರು ಒತ್ತಿದರು, ಫೋಟೊ ಉಳಿಸಿಕೊಂಡರು, ಹೊಸ ಫೋನ್ ನಂಬರನ್ನು ಹಳೇ ದೂರಿನ ಜೊತೆಗೆ ಸೇರಿಸಲು ಬರೆದಿಟ್ಟುಕೊಂಡರು. ಎಲ್ಲ ಕ್ರಮಬದ್ಧ. ಆಮೇಲೆ ಬೆಲೆಯ ಮೇಲೆ ಕಣ್ಣು ಬಿತ್ತು.

“ಲೇ, ಇಲ್ಲಿ ಬಾರೇ” ಎಂದು ಕೂಗಿದರು, ದನಿಯಲ್ಲಿ ಅಪ್ಪಟ ಸಂಕಟ. “ಹುಬ್ಬಳ್ಳಿಯವರಿಗೆ ಹದಿನೆಂಟಕ್ಕೇ ಕೊಡ್ತಿದಾನೆ ನೋಡೇ. ನಮಗೆ ಐನೂರು ಜಾಸ್ತಿ ಹಾಕಿದ್ದ!”